ಕುಚ್ಚಲಕ್ಕಿ ಬಿಯರೂ ಮಗಳ ಫೈಲೂ

ಸ್ವಂತ ಊರಿನಲ್ಲಿ ಮೇಷ್ಟ್ರಾದವನಿಗೆ ಬಾಯಾರಿಕೆ ಆಗಬಾರದು. ಒಂದು ವೇಳೆ ಆದರೂ ಅದು ನೀರಿಗೆ, ಹೆಚ್ಚೆಂದರೆ ಚಹಾಕ್ಕೆ ಶಮನವಾಗುವಂಥದ್ದಾಗಿರಬೇಕು. ಹಾವೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಗಣಿತ ಹೇಳುತ್ತಿರುವ ನನಗೆ ಈ ಸತ್ಯ ಚೆನ್ನಾಗಿ ಗೊತ್ತು. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟುವವನು ನನ್ನ ಶಿಷ್ಯ, ಬಸ್ಸಿನ ಕಂಡಕ್ಟರ್ ನನ್ನ ಶಿಷ್ಯ, ಬಿ.ಪಿ. ನೋಡುವ ಡಾಕ್ಟರೂ ನನ್ನ ಶಿಷ್ಯನೇ. ಇಷ್ಟು ಜನರ ಕಣ್ಣು ತಪ್ಪಿಸಿ ಒಂದು ಬಾರಿನ ಮೆಟ್ಟಿಲು ಹತ್ತುವ ಧೈರ್ಯ ನನಗಿಲ್ಲ. ಆದ್ದರಿಂದ ನಾನು ಒಂದು ಒಪ್ಪಂದಕ್ಕೆ ಬಂದಿದ್ದೇನೆ. ಹಾವೇರಿಯಲ್ಲಿ ನಾನು ಶುದ್ಧ ಸಾತ್ವಿಕ. ಹೊಸ ಊರಿಗೆ ಹೋದಾಗ ಮಾತ್ರ, ಆ ಊರಿನಲ್ಲೇ ತಯಾರಾಗುವ ಬಿಯರ್ ಎಲ್ಲಿ ಸಿಗುತ್ತದೆಂದು ಹುಡುಕಿ, ಒಂದೇ ಒಂದು ಲೋಟ ಕುಡಿದು ಬರುತ್ತೇನೆ. ಎಲ್ಲ ಕಡೆ ಸಿಗುವ ಬಾಟಲಿಯನ್ನು ಕುಡಿದರೆ ಅದು ಚಟ, ಆ ಊರಿನದ್ದನ್ನೇ ಹುಡುಕಿ ಕುಡಿದರೆ ಅದು ಅಧ್ಯಯನ ಎಂಬುದು ನನ್ನ ವಾದ. ಹೆಂಡತಿ ಇದನ್ನು ಒಪ್ಪಿಲ್ಲ. ಅವಳಿಗೆ ತಿಳಿದಿದ್ದರಲ್ಲವೇ ಒಪ್ಪುವ ಪ್ರಶ್ನೆ.

ಈ ಅಧ್ಯಯನವೂ ನಿರ್ವಿಘ್ನವಾಗಿಯೇನೂ ಸಾಗಿಲ್ಲ. ಒಮ್ಮೆ ಮೌಲ್ಯಮಾಪನಕ್ಕೆಂದು ಬೆಳಗಾವಿಗೆ ಹೋದಾಗ ಇಂಥದ್ದೇ ಒಂದು ಜಾಗ ಪತ್ತೆ ಹಚ್ಚಿ, ಮೂಲೆಯ ಮೇಜು ಹಿಡಿದು ಕುಳಿತೆ. ಆರ್ಡರ್ ಕೇಳಲು ಬಂದವನು "ಸರ್, ನೀವಾ?" ಎಂದು ಕಾಲು ಮುಟ್ಟಿ ನಮಸ್ಕರಿಸಿದ. ಹಳೆಯ ಶಿಷ್ಯ. ಲೋಟವನ್ನೇನೋ ತಂದಿಟ್ಟ, ಆದರೆ ಇಟ್ಟವನು ಹೋಗಲಿಲ್ಲ. ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ಪಕ್ಕದಲ್ಲಿ ನಿಂತು, "ಸರ್, ಆ ಇಂಟಿಗ್ರೇಷನ್ ನನಗ ಇನ್ನೂ ತಿಳಿದಿಲ್ರಿ" ಎಂದ. ಅವನೆದುರು ಲೋಟ ಎತ್ತಲು ಕೈ ಬರಲಿಲ್ಲ. ಟಿಶ್ಯೂ ಕಾಗದದ ಮೇಲೆ ಮೂರು ಲೆಕ್ಕ ಮಾಡಿ ತೋರಿಸಿದೆ. ಅವನಿಗೆ ತಿಳಿಯಿತು. ಅಷ್ಟು ಹೊತ್ತಿಗೆ ಬಿಯರಿನ ನೊರೆ ಇಳಿದು ಅದು ಬೆಚ್ಚಗಾಗಿತ್ತು. ಹಾಗಾಗಿ ನಮ್ಮ ಜಿಲ್ಲೆಯ ಹುಡುಗರು ಹೆಚ್ಚಾಗಿ ಕೆಲಸಕ್ಕೆ ಹೋಗದ ಊರಿಗಾಗಿ ನಾನು ಕಾಯುತ್ತಿದ್ದೆ. ಆಗ ಮಗಳಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಫಿಸಿಯೋಥೆರಪಿ ಸೀಟು ಬಂತು.

ಸೀಟು ಬಂತು ಎಂದೆನಲ್ಲ, ಅದು ಅರ್ಧ ಸತ್ಯ. ಹೆಸರು ಪಟ್ಟಿಯ ಕೊನೆಯಲ್ಲಿತ್ತು. ಅಸಲು ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ವರ್ಗಾವಣೆ ಪತ್ರ ಎಲ್ಲವನ್ನೂ ನಿಗದಿತ ದಿನ ಖುದ್ದಾಗಿ ತೋರಿಸಿದರೆ ಸೀಟು ನಮ್ಮದು, ತೋರಿಸದಿದ್ದರೆ ವೇಟಿಂಗ್ ಲಿಸ್ಟಿನವರದ್ದು. ನನ್ನ ಮಗಳು ರೂಪಾ ಈ ಕೋರ್ಸಿಗಾಗಿ ಎರಡು ವರ್ಷ ಕಾದವಳು. ಮೊದಲ ವರ್ಷ ಸಿಗಲಿಲ್ಲವೆಂದು ಬೇರೆ ಎಲ್ಲಿಯೂ ಸೇರದೆ ಮನೆಯಲ್ಲೇ ಕೂತು ಮತ್ತೆ ಓದಿದಳು. ಅವಳ ಗೆಳತಿಯರೆಲ್ಲ ಕಾಲೇಜಿನ ಫೋಟೋ ಕಳಿಸುತ್ತಿದ್ದಾಗ ಅವಳು ಫೋನನ್ನು ಮಗುಚಿಟ್ಟು ಪುಸ್ತಕ ತೆರೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಆಗೆಲ್ಲ ನನಗೆ ಸಂಕಟವಾಗುತ್ತಿತ್ತು. ಹೊರಡುವ ದಿನ ಹೆಂಡತಿ ನೀಲಿ ಫೈಲೊಂದನ್ನು ನನ್ನ ಕೈಗಿಟ್ಟು, "ಇದನ್ನ ಕೈಯಾಗಿಂದ ಬಿಡಬ್ಯಾಡ್ರಿ. ನಿಮ್ಮನ್ನ ಕಳಕೊಂಡ್ರೂ ನಡೀತದ, ಇದನ್ನ ಕಳೀಬ್ಯಾಡ್ರಿ" ಎಂದಳು. ಫೈಲು ತನ್ನ ಹತ್ತಿರವೇ ಇರಲಿ ಎಂದು ರೂಪಾ ಬಸ್ಸಿನಲ್ಲಿ ಎರಡು ಸಲ ಕೇಳಿದಳು. ಜವಾಬ್ದಾರಿ ಎಂದರೇನೆಂದು ನಾನವಳಿಗೆ ವಿವರಿಸಿ, ಫೈಲನ್ನು ನನ್ನ ತೊಡೆಯ ಮೇಲೇ ಇಟ್ಟುಕೊಂಡೆ.

ಕಾಲೇಜು ಇದ್ದದ್ದು ಜೆಪ್ಪುವಿನ ಕಡೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ನಮಗೆ ಸಿಕ್ಕಿದ ಟೋಕನ್ ಎಪ್ಪತ್ತೊಂದು. ಎದುರಿನ ಬೆಂಚಿನಲ್ಲಿ ವೇಟಿಂಗ್ ಲಿಸ್ಟಿನ ಅಪ್ಪಂದಿರು ಸಾಲಾಗಿ ಕೂತಿದ್ದರು. ಅವರಲ್ಲಿ ಶಿವಮೊಗ್ಗದ ಒಬ್ಬರು ತಮ್ಮ ಮಗಳ ನಂಬರು ಮೊದಲನೆಯದೆಂದು ತಾವಾಗಿಯೇ ಹೇಳಿಕೊಂಡು, ನನ್ನ ಕೈಯಲ್ಲಿದ್ದ ಫೈಲನ್ನು ನೋಡತೊಡಗಿದರು. "ಎಲ್ಲಾ ಒರಿಜಿನಲ್ ಸರಿ ಇದೆಯಾ ನಿಮ್ಮದು?" ಎಂದು ಅವರು ಕೇಳಿದ ರೀತಿಯಲ್ಲಿ ಕಾಳಜಿಗಿಂತ ಆಸೆಯೇ ಹೆಚ್ಚಿದ್ದಂತೆ ಕಂಡಿತು. ಹನ್ನೊಂದೂವರೆಗೆ ಕಿಟಕಿಯ ಗುಮಾಸ್ತೆ ತಲೆ ಹೊರಹಾಕಿ, ಎಲ್ಲರೂ ಎರಡೆರಡು ಸೆಟ್ ಜೆರಾಕ್ಸ್ ಕೊಡಬೇಕು, ಟೋಕನ್ ಕರೆದಾಗ ಒರಿಜಿನಲ್ ಇಲ್ಲದಿದ್ದರೆ ವೇಟಿಂಗ್ ಲಿಸ್ಟ್ ಕರೆಯುತ್ತೇವೆ ಎಂದು ಸಾರಿದರು. ಆಗ ಇಪ್ಪತ್ತೈದನೆಯ ನಂಬರು ನಡೆಯುತ್ತಿತ್ತು. ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಬೆಳಿಗ್ಗೆ ಬಸ್ಸಿಳಿದ ಬಿಜೈಯಲ್ಲಿ ಸಾಲು ಅಂಗಡಿಗಳನ್ನು ಕಂಡಿದ್ದೆ. ಮಗಳನ್ನು ಟೋಕನ್ ಕಾಯಲು ಕೂರಿಸಿ, ಫೈಲು ಹಿಡಿದು ಆಟೋ ಹತ್ತಿದೆ.

ಇಲ್ಲಿಯವರೆಗೆ ನನ್ನ ನಡತೆಯಲ್ಲಿ ದೋಷವಿಲ್ಲ. ದೋಷ ಶುರುವಾದದ್ದು ಬಿಜೈಯಲ್ಲಿ, ಜೆರಾಕ್ಸ್ ಮುಗಿದು ಗಡಿಯಾರ ನೋಡಿದಾಗ. ಹನ್ನೆರಡೂ ಕಾಲು. ಒಂದು ಟೋಕನ್ನಿಗೆ ನಾಲ್ಕು ನಿಮಿಷ, ಮಧ್ಯೆ ಊಟಕ್ಕೆ ಒಂದು ತಾಸು. ನಮ್ಮ ಸರದಿ ಮೂರೂವರೆಗೆ ಮುಂಚೆ ಬರುವ ಸಾಧ್ಯತೆಯೇ ಇಲ್ಲ. ನಾನು ಊರು ಬಿಡುವ ಮುಂಚೆಯೇ ಫೋನಿನಲ್ಲಿ ನೋಡಿಟ್ಟುಕೊಂಡಿದ್ದ ಜಾಗ ಕೂಳೂರು ಸೇತುವೆ ದಾಟಿದ ಕೂಡಲೇ ಇತ್ತು. ಅಲ್ಲಿ ಕರಾವಳಿಯ ಕುಚ್ಚಲಕ್ಕಿಯಿಂದ ಬಿಯರ್ ಮಾಡುತ್ತಾರೆ. ಕೆಂಪು ಕುಚ್ಚಲಕ್ಕಿ, ಆ ಊರಿನವರು ಗಂಜಿಗೆ ಹಾಕುವ ಅಕ್ಕಿ, ಅದರ ಬಿಯರ್. ಇಂಥದ್ದು ಇನ್ನೆಲ್ಲಿ ಸಿಕ್ಕೀತು? ಬಿಜೈಯಿಂದ ಹದಿನೈದು ನಿಮಿಷ, ಅಲ್ಲಿ ಅರ್ಧ ಗಂಟೆ, ಹಿಂದಿರುಗಲು ಅರ್ಧ ಗಂಟೆ. ಲೆಕ್ಕ ಎಷ್ಟು ಸಲ ಕೂಡಿದರೂ ಸರಿಹೋಗುತ್ತಿತ್ತು. ನಾನು ಮಕ್ಕಳಿಗೆ ಹೇಳುವುದುಂಟು, ಉತ್ತರ ಮೊದಲೇ ಇಟ್ಟುಕೊಂಡು ಲೆಕ್ಕ ಮಾಡಿದರೆ ಅದು ಯಾವಾಗಲೂ ಸರಿಹೋಗುತ್ತದೆ, ಹಾಗೆ ಮಾಡಬೇಡಿ ಎಂದು.

ಆಟೋ ಓಡಿಸುತ್ತಿದ್ದವರು ಸದಾನಂದ ಎನ್ನುವ ಐವತ್ತರ ಆಸುಪಾಸಿನ ಮನುಷ್ಯ. ಜೆಪ್ಪುವಿನಿಂದ ಬರುವಾಗಲೇ ನನ್ನ ಊರು, ಉದ್ಯೋಗ, ಮಗಳ ವಿಷಯ ಎಲ್ಲ ಕೇಳಿ ತಿಳಿದು ನನ್ನನ್ನು ಮಾಷ್ಟ್ರೇ ಎಂದು ಕರೆಯತೊಡಗಿದ್ದರು. ಅಂಥವರ ಎದುರು ಬಿಯರಿನ ಹೆಸರೆತ್ತಲು ನಾಲಗೆ ಹೊರಳಲಿಲ್ಲ. "ಕೂಳೂರು ಸೇತುವೆ ಆಚೆ ಹೋಗಬೇಕಿತ್ತು. ಪರಿಚಯದವರ ಮನೆ" ಎಂದುಬಿಟ್ಟೆ.

"ಹೌದಾ? ನನ್ನ ಮನೆಯೂ ಅಲ್ಲಿಯೇ ಅಲ್ವಾ" ಎಂದು ಅವರು ಸಂತೋಷದಿಂದ ಹಿಂದಕ್ಕೆ ತಿರುಗಿದರು. "ಯಾರ ಮನೆ ಮಾಷ್ಟ್ರೇ? ಹೆಸರು ಹೇಳಿ. ನಾನು ಬಾಗಿಲಿಗೇ ಬಿಡ್ತೇನೆ."

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮಂಗಳೂರಿನಲ್ಲಿ ಯಾರಿಗಾದರೂ ಇರಬಹುದಾದ ಹೆಸರೊಂದು ಬಾಯಿಗೆ ಬಂತು. "ಡಿಸೋಜ" ಎಂದೆ.

"ಯಾವ ಡಿಸೋಜ? ಅಲ್ಲಿ ಮೂರು ಮನೆ ಉಂಟು. ಒಂದು ಬೀಗ ಹಾಕಿದ್ದಾರೆ, ಮಸ್ಕತ್ತಲ್ಲಿದ್ದಾರೆ. ಇನ್ನೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಡ್ಯೂಟಿಗೆ ಹೋಗಿರ್ತಾರೆ. ಮತ್ತೆ ಇರುದು ಹಿಲ್ಡಾ ಬಾಯಮ್ಮ. ಓ, ನಿಮಗೆ ಮಗಳಿಗೆ ರೂಮು ಬೇಕಲ್ಲ. ಅವರು ಕಾಲೇಜಿನ ಮಕ್ಕಳಿಗೆ ರೂಮು ಕೊಡ್ತಾರೆ. ಅವರೇ ಅಲ್ವಾ?"

ಅವರೇ ಎಂದೆ. ಸುಳ್ಳು ಹೇಳುವವನಿಗೆ ಸಹಾಯ ಮಾಡುವವರು ಸಿಕ್ಕಿದರೆ ಅದಕ್ಕಿಂತ ದೊಡ್ಡ ಕಷ್ಟವಿಲ್ಲ. ಸೇತುವೆಯ ಮೇಲೆ ಲಾರಿಗಳ ಸಾಲಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಕೊಂಡೆವು. ಆ ಇಪ್ಪತ್ತು ನಿಮಿಷ ನನ್ನ ಲೆಕ್ಕದಲ್ಲಿರಲಿಲ್ಲ. ಸೇತುವೆ ಇಳಿದ ಕೂಡಲೇ ಎಡಕ್ಕೆ ನಾನು ಹುಡುಕಿದ್ದ ಜಾಗದ ಬೋರ್ಡು ದೊಡ್ಡದಾಗಿ ಕಂಡಿತು. ಕಂಡದ್ದೇ ಸರಿ, ಆಟೋ ಅದರ ಮುಂದಿನಿಂದ ಹಾದು, ಪಕ್ಕದ ಓಣಿಗೆ ತಿರುಗಿ, ಹೆಂಚಿನ ಮನೆಯೊಂದರ ಗೇಟಿನಲ್ಲಿ ನಿಂತಿತು. ನಾನು ಇಳಿಯುವ ಮೊದಲೇ ಸದಾನಂದ ಒಳಗೆ ಕೂಗಿ, "ಬಾಯಮ್ಮ, ಹಾವೇರಿಯ ಮಾಷ್ಟ್ರು ಬಂದಿದ್ದಾರೆ, ನಿಮ್ಮ ಗುರ್ತದವರು" ಎಂದು ಹೇಳಿಯೂ ಆಯಿತು. ಆಮೇಲೆ ನನ್ನ ಕಡೆ ತಿರುಗಿ, "ನೀವು ಮಾತಾಡಿ. ನಾನು ಮನೆಗೆ ಹೋಗಿ ಊಟ ಮಾಡಿ ಬರ್ತೇನೆ. ಒಂದೂ ಮುಕ್ಕಾಲಿಗೆ ಇದೇ ಓಣಿಯ ಬಾಯಲ್ಲಿ ಇರ್ತೇನೆ" ಎಂದು ಹೊರಟುಹೋದರು.

ಹಿಲ್ಡಾ ಬಾಯಿಗೆ ಅರವತ್ತು ದಾಟಿರಬೇಕು. ಬಹಳ ವರ್ಷ ಕುವೈತಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗುರುತಿಲ್ಲದ ಗುರುತಿನವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, "ಬನ್ನಿ, ಕೂತ್ಕೊಳ್ಳಿ. ರೂಮು ನೋಡ್ಲಿಕ್ಕೆ ಅಲ್ವಾ ಬಂದದ್ದು?" ಎಂದರು. ನಾನು ಹೂಂಗುಟ್ಟಿದೆ. ಎರಡು ನಿಮಿಷ ಕೂತು ಏಳೋಣವೆಂದರೆ ಪುನರ್ಪುಳಿ ಶರಬತ್ತು ಬಂತು, ಅದರ ಹಿಂದೆ ಬಾಳೆಹಣ್ಣಿನ ಹಲ್ವ ಬಂತು. ಬಿಯರಿಗೆ ಕಾದಿಟ್ಟ ಹೊಟ್ಟೆಯಲ್ಲಿ ಎರಡಕ್ಕೂ ಜಾಗ ಮಾಡಿಕೊಟ್ಟೆ. ಅವರ ಪ್ರಶ್ನೆಗಳೋ, ನರ್ಸುಗಳು ರೋಗಿಯನ್ನು ಕೇಳುವ ಹಾಗೆ ಕ್ರಮವಾಗಿ ಬರುತ್ತಿದ್ದವು. ಹುಡುಗಿ ಬೆಳಿಗ್ಗೆ ಬೇಗ ಏಳುತ್ತಾಳಾ, ಮೀನು ತಿನ್ನುತ್ತಾಳಾ, ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಾಳಾ. ಕೊನೆಗೆ, "ಓದುದರಲ್ಲಿ ಹೇಗೆ?" ಎಂದರು.

ಓದಿನ ವಿಷಯಕ್ಕೆ ಬಂದರೆ ನಾನು ಸಮಯ ಮರೆಯುತ್ತೇನೆ. ಜೆರಾಕ್ಸ್ ಅಂಗಡಿಯವನು ಪ್ರತಿಗಳನ್ನೂ ಫೈಲನ್ನೂ ಮಳೆಗೆ ನೆನೆಯಬಾರದೆಂದು ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟಿದ್ದ. ಅದರಿಂದ ಫೈಲನ್ನು ಹೊರತೆಗೆದು, ಅಂಕಪಟ್ಟಿ ಬಿಡಿಸಿ, ಗಣಿತದ ಅಂಕವನ್ನು ಬೆರಳಿಟ್ಟು ತೋರಿಸಿ, "ನಾನೇ ಹೇಳಿಕೊಟ್ಟದ್ದು" ಎಂದೆ. ಅವರು ಕನ್ನಡಕ ತಂದು ನೋಡಿ ಮೆಚ್ಚಿದರು. ಆಗ ಗೋಡೆಯ ಗಡಿಯಾರ ಒಂದೂ ಹತ್ತು ತೋರಿಸುತ್ತಿತ್ತು. ಮಗಳನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ, ಪಕ್ಕದಲ್ಲಿದ್ದ ಕವರನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಓಣಿಗೆ ಬಿದ್ದೆ. ಕವರು ಭಾರವಾಗಿಯೇ ಇತ್ತು. ಎರಡು ಸೆಟ್ ಜೆರಾಕ್ಸ್ ಎಂದರೆ ಕಾಗದ ಕಡಿಮೆಯೇನಲ್ಲ.

ಮಧ್ಯಾಹ್ನದ ಹೊತ್ತು, ಬಿಯರಿನ ಆ ಜಾಗದಲ್ಲಿ ಗಿರಾಕಿಗಳೇ ಇರಲಿಲ್ಲ. ಗಾಜಿನ ಗೋಡೆಯ ಹಿಂದೆ ದೊಡ್ಡ ತಾಮ್ರದ ಹಂಡೆಗಳು, ಕೊಳವೆಗಳು. ಬಂದ ಯುವಕನ ಮುಖ ನೋಡಿ ಮೊದಲು ಇವನು ನನ್ನ ಶಿಷ್ಯನಲ್ಲವೆಂದು ಖಾತ್ರಿ ಮಾಡಿಕೊಂಡೆ. ಕುಚ್ಚಲಕ್ಕಿ ಬಿಯರ್ ಇದೆಯೇ ಎಂದರೆ, "ಉಂಟು ಸರ್" ಎಂದು ಅವನೇ ಆಶ್ಚರ್ಯದಿಂದ ನನ್ನನ್ನು ನೋಡಿದ. ಆದರೆ ಅಷ್ಟರಲ್ಲಿ ನನಗೆ ಜವಾಬ್ದಾರಿಯ ನೆನಪಾಗಿತ್ತು. ಬಿಯರಿನ ವಾಸನೆ ಹೊತ್ತು ಗುಮಾಸ್ತೆಯ ಕಿಟಕಿಯಲ್ಲಿ, ಅದೂ ಮಗಳ ಪಕ್ಕದಲ್ಲಿ ನಿಂತು ಬಾಯಿ ಬಿಡುವುದು ಹೇಗೆ? ಪಾರ್ಸೆಲ್ ಕೊಡುತ್ತೀರಾ ಎಂದೆ. ಒಂದು ಲೀಟರಿನ ಕಂದು ಗಾಜಿನ ಬಾಟಲಿ ತುಂಬಿಸಿ ತಂದ, ಹಣ ಕೊಟ್ಟೆ. ಅಡ್ಮಿಷನ್ ಮುಗಿಸಿ, ರಾತ್ರಿ ಮಗಳು ಲಾಡ್ಜಿನಲ್ಲಿ ನಿದ್ದೆ ಹೋದಾಗ ಬಾಲ್ಕನಿಯಲ್ಲಿ ಕೂತು ನಿಧಾನವಾಗಿ ಕುಡಿಯುವುದೆಂದು ತೀರ್ಮಾನಿಸಿದೆ. "ರುಚಿ ನೋಡಿ ಸರ್" ಎಂದು ಅವನು ಪುಟ್ಟ ಲೋಟದಲ್ಲಿ ನಾಲ್ಕು ಗುಟುಕಿನಷ್ಟು ತಂದಿಟ್ಟ. ನಾಲ್ಕು ಗುಟುಕಿಗೆ ವಾಸನೆ ಬರುವುದಿಲ್ಲ. ಗಂಜಿಯ ತೆಳಿಯನ್ನು ನೆನಪಿಸುವ ಕೆಂಪು ಬಣ್ಣ, ಮೇಲೆ ಬೆಳ್ಳನೆಯ ನೊರೆ. ಲೋಟವನ್ನು ತುಟಿಯ ಹತ್ತಿರ ತಂದೆ. ಫೋನು ರಿಂಗಾಯಿತು.

"ಅಪ್ಪಾ, ಎಲ್ಲಿದ್ದಿ?" ರೂಪಾ ಒಂದೇ ಉಸಿರಿಗೆ ಹೇಳಿದಳು. "ಇವರು ಊಟಕ್ಕೂ ಎದ್ದಿಲ್ಲ. ಬಿಡುವಿಲ್ಲದ ಕರಿಯಾಕತ್ತಾರ. ಐವತ್ತೆರಡು ನಡದದ. ಒರಿಜಿನಲ್ ಅದಾವಲ್ಲಾ?"

"ಅದಾವ, ಕೈಯಾಗ ಅದಾವ" ಎನ್ನುತ್ತ ಕವರಿನೊಳಗೆ ಕೈ ಹಾಕಿದೆ. ಜೆರಾಕ್ಸ್ ಸಿಕ್ಕಿತು. ಅದರ ಕೆಳಗೆ ಮತ್ತೆ ಜೆರಾಕ್ಸ್ ಸಿಕ್ಕಿತು. ಕವರನ್ನು ಮೇಜಿನ ಮೇಲೆ ಸುರಿದೆ. ನೀಲಿ ಫೈಲು ಇರಲಿಲ್ಲ.

ಆ ಕ್ಷಣವನ್ನು ಹಾಸ್ಯ ಮಾಡಿ ಬರೆಯಲು ನನಗೆ ಈಗಲೂ ಆಗುವುದಿಲ್ಲ. ಬರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ. ತುಟಿಯವರೆಗೆ ಬಂದಿದ್ದ ಲೋಟ ಮೇಜಿನ ಮೇಲೆ ಹಾಗೇ ಇತ್ತು. ಹುಡುಗ ಏನೋ ಕೇಳುತ್ತಿದ್ದ. ನಾನು ಕಾಗದಗಳನ್ನು ಕವರಿಗೆ ತುರುಕಿ, ಯಾಕೆಂದು ತಿಳಿಯದೆ ಬಾಟಲಿಯನ್ನೂ ಹಿಡಿದುಕೊಂಡು ಮಳೆಯಲ್ಲಿ ಓಡಿದೆ. ಹತ್ತೊಂಬತ್ತು ನಂಬರು, ತಲಾ ನಾಲ್ಕು ನಿಮಿಷ, ಎಪ್ಪತ್ತಾರು ನಿಮಿಷ. ಈಗ ಒಂದೂವರೆ. ಎರಡೂ ನಲವತ್ತಾರಕ್ಕೆ ಗುಮಾಸ್ತೆ ನಮ್ಮನ್ನು ಕರೆಯುತ್ತಾರೆ, ನಂತರ ಆ ಶಿವಮೊಗ್ಗದವರನ್ನು. ಈ ಲೆಕ್ಕ ಮಾತ್ರ ತಾನಾಗಿಯೇ ಆಯಿತು.

ಓಣಿಯ ಬಾಯಲ್ಲಿ ಸದಾನಂದ ಹೇಳಿದ್ದಕ್ಕಿಂತ ಮೊದಲೇ ಬಂದು, ಸೀಟು ಒರೆಸುತ್ತ ನಿಂತಿದ್ದರು. ನನ್ನ ಮುಖ ನೋಡಿದವರೇ, "ಎಂತ ಆಯ್ತು ಮಾಷ್ಟ್ರೇ?" ಎಂದರು. ಹೇಳಿದೆ. ಅವರು ಸೀಟಿನ ಹಿಂದೆ, ಕೆಳಗೆ, ತಮ್ಮ ಟೂಲ್ ಡಬ್ಬಿಯೊಳಗೆ ಕೂಡ ಹುಡುಕಿದರು. ಇರಲಿಲ್ಲ. ಹಾಗಾದರೆ ಬಿಜೈಯ ಜೆರಾಕ್ಸ್ ಅಂಗಡಿಯಲ್ಲೇ ಉಳಿದಿರಬೇಕು ಎಂದು ನನಗೆ ಖಚಿತವಾಯಿತು. ಎಲ್ಲರೂ ಅಸಲನ್ನು ಬಿಟ್ಟುಬರುವುದು ಜೆರಾಕ್ಸ್ ಯಂತ್ರದ ಗಾಜಿನ ಮೇಲೆಯೇ. ಅರ್ಧ ಗಂಟೆ ಮೊದಲು ನಾನೇ ಅದನ್ನು ಬಿಡಿಸಿ ಬೆರಳಿಟ್ಟು ತೋರಿಸಿದ್ದು ನನ್ನ ತಲೆಯಿಂದ ಅಳಿಸಿಯೇ ಹೋಗಿತ್ತು. ಹೆದರಿದ ತಲೆಗೆ ತನ್ನ ತಪ್ಪೊಂದನ್ನು ಬಿಟ್ಟು ಉಳಿದೆಲ್ಲ ಕಾಣುತ್ತದೆ. "ಬಿಜೈಗೆ ಬಿಡಿ" ಎಂದು ಹತ್ತಿ ಕುಳಿತೆ. ಕಂಕುಳಲ್ಲಿದ್ದ ಬಾಟಲಿಯನ್ನು ಆಗ ಅವರು ಗಮನಿಸಿದರು.

"ಇದು ಬಾಯಮ್ಮ ಕೊಟ್ಟದ್ದಾ?" ಎಂದು ಕೇಳಿದರು.

ನಾನು ಬಾಟಲಿಯನ್ನು ಕವರಿನ ಹಿಂದಕ್ಕೆ ಸರಿಸಿದೆ. ಅವರು ಓಣಿಯಾಚೆಯ ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬೇರೇನೂ ಕೇಳಲಿಲ್ಲ. ಆ ಮನುಷ್ಯನ ದೊಡ್ಡತನ ಅದು. ಆಟೋ ಚಾಲೂ ಮಾಡುವ ಮೊದಲು ಚಪ್ಪಲಿ ಕಳಚಿಟ್ಟು, "ಟೆನ್ಷನ್ ಮಾಡ್ಬೇಡಿ. ನಮ್ಮಲ್ಲಿ ಎಂತ ಕಳೆದುಹೋದ್ರೂ ಅಜ್ಜನಿಗೆ ಹೇಳುದು. ಕೊರಗಜ್ಜ, ನಮ್ಮ ದೈವ. ಕೈ ಬಿಡ್ಲಿಕ್ಕಿಲ್ಲ" ಎಂದರು. ಕಣ್ಣು ಮುಚ್ಚಿ ಕೈಮುಗಿದು ತುಳುವಿನಲ್ಲಿ ಏನನ್ನೋ ಹೇಳಿಕೊಂಡರು. ನನಗೆ ಅರ್ಥವಾದದ್ದು ಎರಡೇ ಪದ, ಮಾಷ್ಟ್ರು ಮತ್ತು ಬಾಟ್ಲಿ. ನಾನೂ ಕೈಮುಗಿದೆ. ಆಮೇಲೆ ಆಟೋ ಓಡಿಸುತ್ತ ಹರಕೆ ಏನೆಂದು ಕನ್ನಡದಲ್ಲಿ ತಿಳಿಸಿದರು. ಫೈಲು ಸಿಕ್ಕಿದರೆ ಚಕ್ಕುಲಿ, ವೀಳ್ಯದೆಲೆ, ಅಡಿಕೆ, ಜೊತೆಗೆ ಆ ಬಾಟಲಿ. "ಮೊದಲೆಲ್ಲ ಕಳ್ಳು ಇಡುದು. ಈಗ ಅವರವರಿಗೆ ಸಿಕ್ಕಿದ್ದು ಇಡ್ತಾರೆ. ಇದು ನಮ್ಮ ಊರಲ್ಲೇ ಮಾಡಿದ್ದಲ್ವಾ, ಆಗ್ತದೆ."

ಅವರು ಹೇಳಿದ್ದನ್ನೆಲ್ಲ ಒಪ್ಪಿಕೊಂಡೆ. ಆಗ ನನ್ನ ಎರಡೂ ಕಿಡ್ನಿ ಕೇಳಿದ್ದರೂ ಒಪ್ಪುತ್ತಿದ್ದೆ.

ಸೇತುವೆ ಹತ್ತಿದ ಮೇಲೆ ಆಟೋ ಮತ್ತೆ ನಿಂತಿತು. ಮುಂದೆ ಲಾರಿ, ಹಿಂದೆ ಬಸ್ಸು, ಕೆಳಗೆ ಕೆಂಪು ನೀರು. ಒಂದೂ ಐವತ್ತು. ಒಂದೂ ಐವತ್ತೈದು. ನಾನು ಹೊರಗಿಣುಕಿ ನೋಡುವುದು, ಒಳಗೆ ಬರುವುದು, ಮತ್ತೆ ಇಣುಕುವುದು ಮಾಡುತ್ತಿದ್ದೆ. ಮನೆಗೆ ಹೋಗಿ ಹೆಂಡತಿಗೆ ಹೇಳುವ ಮಾತನ್ನು ಜೋಡಿಸಲು ನೋಡಿದೆ, ಮೊದಲ ವಾಕ್ಯವೇ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಫೋನು ಮಗುಚಿಟ್ಟು ಓದಲು ಕೂರುತ್ತಿದ್ದ ರೂಪಾಳ ಬೆನ್ನು ಕಣ್ಣಿಗೆ ಕಟ್ಟಿತು. ನನಗೆ ಅಳು ಬರುವ ಹಾಗಾಯಿತು. ಆಗ ಅವಳದ್ದೇ ಫೋನು ಬಂತು.

"ಅಪ್ಪಾ, ಯಾರೋ ಹಿಲ್ಡಾ ಆಂಟಿ ಅಂತ ಫೋನ್ ಮಾಡಿದ್ರು. ಫೈಲಿನಾಗಿನ ಅರ್ಜಿಯೊಳಗ ನನ್ನ ನಂಬರ್ ಇತ್ತಂತ. ಕೂಳೂರಾಗ ಅವರ ಮನಿಯೊಳಗ ನೀ ಫೈಲ್ ಬಿಟ್ಟು ಹೋಗೀದಿ ಅಂತ." ಆಮೇಲೆ ಕೇಳಿದಳು. "ಕೂಳೂರಿಗೆ ಯಾಕ ಹೋಗಿದ್ದಿ?"

ನಾನು ಆ ಪ್ರಶ್ನೆಯನ್ನು ದಾಟಿ, ಫೈಲು ಎಲ್ಲಿದೆ ಎಂದು ಕೇಳಿದೆ. ಹಿಲ್ಡಾ ಬಾಯಿ ಅದನ್ನು ತೆಗೆದುಕೊಂಡು ತಾವೇ ಕಾಲೇಜಿಗೆ ಹೊರಟಿದ್ದರು. ನಾವು ಬೇಗ ತಲುಪಲೆಂದು ಬಿಟ್ಟು ಬಂದ ಓಣಿಯಲ್ಲೇ ಫೈಲಿತ್ತು. ಈಗ ಅದು ನಮ್ಮ ಹಿಂದೆ ಎಲ್ಲೋ ಈ ಸಾಲಿನಲ್ಲೇ ಇರಬೇಕು. ಸೇತುವೆಯ ಮೇಲೆ ತಿರುಗಿಸುವ ಹಾಗೂ ಇಲ್ಲ. ನಾನು ಇಳಿದು ಮಳೆಯಲ್ಲಿ ಹಿಂದಕ್ಕೆ ನಡೆದೆ. ಬಸ್ಸಿನ ಕಿಟಕಿಗಳಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸುಮಾರು ದೂರ ಹೋದ ಮೇಲೆ ಎರಡು ಟ್ಯಾಂಕರುಗಳ ನಡುವಿನ ಸಂದಿಯಿಂದ ಒಂದು ಸ್ಕೂಟರು ಬಂತು. ಹಳದಿ ರೈನ್‌ಕೋಟು, ಹೆಲ್ಮೆಟ್ಟು, ಎದೆಗೆ ಅಡ್ಡಲಾಗಿ ಹಾಕಿದ ಚೀಲ. ಹಿಲ್ಡಾ ಬಾಯಿ ಬ್ರೇಕು ಹಾಕಿ, ಚೀಲದಿಂದ ಫೈಲು ತೆಗೆದು ನನ್ನ ಎರಡೂ ಕೈಗೆ ಕೊಟ್ಟರು. ಅದನ್ನವರು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು.

"ಇದನ್ನು ಬಿಟ್ಟು ಹೋಗುದಾ ಮಾಷ್ಟ್ರೇ?" ಎಂದರು. "ರೂಮಿನ ವಿಷಯ ಆಮೇಲೆ. ಮೊದಲು ಮಗುವಿನ ಹತ್ರ ಹೋಗಿ."

ಇಡೀ ದಿನದಲ್ಲಿ ನಾನು ಆಡಿದ ಮೊದಲ ನಿಜವನ್ನು ಅವರಿಗೆ ಹೇಳಿದೆ. ನಾನು ರೂಮು ನೋಡಲು ಬಂದವನಲ್ಲ, ಬಿಯರ್ ಹುಡುಕಿಕೊಂಡು ಬಂದವನು ಎಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಅದಕ್ಕೆ ನಿಮ್ಮ ಕಾಲು ಒಂದು ಕಡೆ ನಿಲ್ತಿರ್ಲಿಲ್ಲ. ನಾನು ಶುಗರ್ ಉಂಟು ಅಂತ ಗ್ರಹಿಸಿದೆ" ಎಂದು ಹೇಳಿ, ಅದೇ ಸಂದಿಯಲ್ಲಿ ಮುಂದೆ ಹೋಗಿ ಸೇತುವೆಯ ಆ ತುದಿಯಲ್ಲಿ ತಿರುಗಿಸಿಕೊಂಡರು.

ಎರಡೂ ಹದಿನೈದಕ್ಕೆ ಸಾಲು ಬಿಟ್ಟಿತು. ಸದಾನಂದ ಆ ದಿನ ಯಾವ ಯಾವ ಓಣಿಗಳಲ್ಲಿ ನುಗ್ಗಿಸಿದರೋ ನನಗೆ ಗೊತ್ತಿಲ್ಲ, ನಾನು ಫೈಲನ್ನು ಅಂಗಿಯೊಳಗೆ ಹಾಕಿ ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದೆ. ಕಾಲೇಜಿನ ಬಾಗಿಲಲ್ಲಿ ಇಳಿದಾಗ ಎರಡೂ ನಲವತ್ತೆರಡು. ಕಿಟಕಿಯಲ್ಲಿ ಎಪ್ಪತ್ತನೆಯ ನಂಬರು ನಡೆಯುತ್ತಿತ್ತು. ರೂಪಾ ಎದ್ದು ಬಂದು ನನ್ನ ಕೈಯಿಂದ ಫೈಲು ತೆಗೆದುಕೊಂಡಳು. ಪ್ರತಿಯೊಂದು ಕಾಗದವನ್ನೂ ಅವಳೇ ತೋರಿಸಿದಳು. ಮೊಹರು ಬಿತ್ತು. ತಿರುಗಿ ನೋಡಿದರೆ ಶಿವಮೊಗ್ಗದವರು ತಮ್ಮ ಛತ್ರಿ ಹುಡುಕುತ್ತಿದ್ದರು. ನನ್ನನ್ನು ನೋಡಿ, "ಒಳ್ಳೇದಾಗಲಿ ಮಗೂಗೆ" ಎಂದರು. ಬೆಳಿಗ್ಗೆ ಅವರ ಬಗ್ಗೆ ಅಂದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು. ಅವರೂ ಒಬ್ಬ ಅಪ್ಪ, ಬೆಂಚು ಬಿಟ್ಟು ಅಲ್ಲಾಡದೆ ಕೂತಿದ್ದವರು.

ಹೊರಗೆ ಸದಾನಂದ ಹೋಗದೆ ನಿಂತಿದ್ದರು. ಚಕ್ಕುಲಿ, ಎಲೆ, ಅಡಿಕೆ ಆಗಲೇ ತಂದಿಟ್ಟುಕೊಂಡಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದು, ಕಂದು ಬಾಟಲಿಯ ಬದಲಿಗೆ ಬೇರೆ ಏನಾದರೂ ಒಳ್ಳೆಯದನ್ನೇ ಅಂಗಡಿಯಿಂದ ತಂದು ಇಡಬಹುದೇ ಎಂದು ಮೆಲ್ಲಗೆ ಕೇಳಿದೆ. ಅವರಿಗೆ ನನ್ನ ಬಗ್ಗೆ ಕನಿಕರವಾಗಿರಬೇಕು. "ಅದನ್ನು ಮನಸ್ಸಲ್ಲಿ ಇಟ್ಟೇ ಹೇಳಿದ್ದು ಮಾಷ್ಟ್ರೇ. ಬದಲು ಮಾಡ್ಲಿಕ್ಕಾಗುದಿಲ್ಲ" ಎಂದರು. ಅಜ್ಜನ ಕಟ್ಟೆ ಹತ್ತಿರದಲ್ಲೇ ಇತ್ತು. ಮಳೆ ನಿಂತು ಎಳೆ ಬಿಸಿಲು ಬಿದ್ದಿತ್ತು. ಕಟ್ಟೆ ನೋಡಿಕೊಳ್ಳುವವರು ಬಾಟಲಿಯ ಚೀಟಿ ಓದಿ, ಕುಚ್ಚಲಕ್ಕಿಯದ್ದಾ ಎಂದು ಕೇಳಿ ತಲೆದೂಗಿ, ಮುಚ್ಚಳ ತೆಗೆದು ಅರ್ಪಿಸಿದರು. ಹಬೆಯಾಡುವ ಗಂಜಿಯಂಥ, ಸ್ವಲ್ಪ ಹುಳಿಯಾದ ಪರಿಮಳವೊಂದು ಸುಳಿದು ಹೋಯಿತು. ನನ್ನ ಪಾಲಿಗೆ ಬಂದದ್ದು ಅಷ್ಟೇ. ಕೈಮುಗಿದಾಗ ಮಾತ್ರ ನನ್ನ ಕಣ್ಣಲ್ಲಿ ನೀರಿದ್ದದ್ದು ನಿಜ, ಅದು ಬಿಯರಿಗಾಗಿ ಅಲ್ಲವೆಂದು ನೀವು ನಂಬಬೇಕು.

ರೂಪಾ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಜಾಣೆ, ಜೆರಾಕ್ಸು, ಕೂಳೂರು, ಬಾಟಲಿ ಮೂರನ್ನೂ ಕೂಡಿ ಉತ್ತರ ತೆಗೆದಳು. ಅವ್ವನಿಗೆ ಹೇಳುವುದಿಲ್ಲ, ಆದರೆ ಇನ್ನು ಮೇಲೆ ತನ್ನ ಕಾಗದಪತ್ರಗಳನ್ನು ನಾನು ಮುಟ್ಟಕೂಡದು ಎಂದಳು. ಒಪ್ಪಿದೆ. ಅವಳು ಹಿಲ್ಡಾ ಬಾಯಿಯ ಮನೆಯಲ್ಲೇ ಉಳಿದಳು. ಹೇಗೂ ನಾನು ರೂಮು ನೋಡಿ ಬಂದವನಲ್ಲವೇ. ಮಗಳಿಗೆ ಅಷ್ಟು ಒಳ್ಳೆಯ ಮನೆಯನ್ನು ಮೊದಲೇ ಹುಡುಕಿಟ್ಟ ಗಂಡನ ಮುಂದಾಲೋಚನೆಯನ್ನು ನನ್ನ ಹೆಂಡತಿ ಇಂದಿಗೂ ನೆಂಟರ ಮುಂದೆ ಹೊಗಳುತ್ತಾಳೆ. ಆಗ ನಾನು ಚಾವಣಿ ನೋಡುತ್ತೇನೆ.

ಕಳೆದ ತಿಂಗಳು ರೂಪಾಳನ್ನು ನೋಡಲು ಹೋಗಿದ್ದೆ. ಸಂಜೆ ಹಿಲ್ಡಾ ಬಾಯಿಯ ಗೇಟಿನಲ್ಲಿ ನಿಂತು, ಓಣಿಯಾಚೆಯ ಬೋರ್ಡಿನ ಕಡೆ ನಾನು ನೋಡದಿರಲು ಪಡುತ್ತಿದ್ದ ಪಾಡು ಅವಳ ಕಣ್ಣಿಗೆ ಬಿದ್ದಿರಬೇಕು. "ಹೋಗಿ ಬಾ ಅಪ್ಪಾ. ಚೀಲ ಇಲ್ಲೇ ಕೊಡು" ಎಂದು ಕೈ ಚಾಚಿದಳು. ಫೋನನ್ನೂ ಇಸಿದುಕೊಂಡಳು. ಹೀಗೆ ಕಳೆಯಲು ಏನೂ ಇಲ್ಲದವನಾಗಿ, ಮೊದಲ ಬಾರಿಗೆ ಯಾರಿಗೂ ಸುಳ್ಳು ಹೇಳದೆ, ನೆಟ್ಟಗೆ ನಡೆದು ಒಳಗೆ ಹೋಗಿ ಕುಳಿತೆ. ಅದೇ ಯುವಕ ಬಂದ. ಗುರುತು ಹಿಡಿದು, "ಅವತ್ತು ಕುಡಿಯದೆ ಓಡಿದ್ದು ನೀವೇ ಅಲ್ವಾ ಸರ್?" ಎಂದ. ಕುಚ್ಚಲಕ್ಕಿಯದ್ದು ಒಂದು ಲೋಟ ಎಂದೆ.

"ಅದನ್ನು ನಿಲ್ಲಿಸಿದ್ದೇವೆ ಸರ್" ಎಂದ. "ಯಾರೂ ಕೇಳ್ತಿರ್ಲಿಲ್ಲ. ಬಾಟ್ಲಿ ತಗೊಂಡು ಹೋದದ್ದು ನೀವೊಬ್ರೇ. ಹೇಗಿತ್ತು ಸರ್?"

ಚೆನ್ನಾಗಿತ್ತಂತೆ ಎಂದೆ. ಹೊರಗೆ ಬಂದಾಗ ಸದಾನಂದರ ಆಟೋ ನಿಂತಿತ್ತು. ವಿಷಯ ಕೇಳಿ ಅವರು ನಿಜಕ್ಕೂ ಮರುಗಿದರು. ಸ್ವಲ್ಪ ಯೋಚಿಸಿ, "ಅಜ್ಜನ ಹತ್ರ ಹೇಳುವಾ? ಕಳೆದುಹೋದದ್ದು ತಾನೇ" ಎಂದರು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ತಲೆಯಿಂದ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಆ ಬಿಯರು ಎಲ್ಲಾದರೂ ಸಿಗಬೇಕಾದರೆ ಹರಕೆ ಹೇಳಬೇಕು, ಸಿಕ್ಕಿದರೆ ಅದನ್ನೇ ಅಜ್ಜನಿಗೆ ಒಪ್ಪಿಸಬೇಕು. ಸಿಗುವುದು ಒಂದೇ ಬಾಟಲಿಯಾದರೆ, ಈ ಸಲವೂ ನನಗೆ ಉಳಿಯುವುದು ವಾಸನೆ ಮಾತ್ರ.